ಸೌರಫಲಕಗಳ ಬಯಲಿನಲ್ಲಿ ವಲಸೆ ಹಕ್ಕಿಗಳ ಹಾದಿ

ತುಮಕೂರು ಜಿಲ್ಲೆಯ ಬಡಗಣ ತುದಿಯಲ್ಲಿ, ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿರುವ ತಾಲ್ಲೂಕು ಪಾವಗಡ. ಅದರ ನಾಗಲಮಡಿಕೆ ಹೋಬಳಿಯಲ್ಲಿರುವ ಕ್ಯಾತಗಾನಚೆರ್ಲು ಎಂಬ ಹಳ್ಳಿಯ ಹೆಸರು ಹತ್ತು ವರ್ಷಗಳ ಹಿಂದೆ ತಾಲ್ಲೂಕಿನ ಗಡಿಯಾಚೆ ಕೇಳಿಬಂದದ್ದು ಕಡಿಮೆ. ಈಗ ಹಾಗಿಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲುಗಳ ಜೊತೆ ಸೇರಿ ಈ ಹಳ್ಳಿಯ ಹೊಲಗಳ ಮೇಲೆ ಸುಮಾರು 13,000 ಎಕರೆ ವಿಸ್ತಾರದ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಹರಡಿಕೊಂಡಿದೆ. ಶೇಂಗಾ ಬಿತ್ತಿ ಮಳೆಗೆ ಕಾಯುತ್ತಿದ್ದ ಕೆಮ್ಮಣ್ಣಿನ ಬಯಲು ಇಂದು ನೀಲಿಗಪ್ಪು ಗಾಜಿನ ಬಯಲು.

ಹೆಸರುಗಳಲ್ಲೊಂದು ವಿಚಿತ್ರ ಅಡಗಿದೆ. ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬಲ್ಲಿನ ‘ಚೆರ್ಲು’ವಿನಲ್ಲಿ ತೆಲುಗಿನ ‘ಚೆರುವು’, ಅಂದರೆ ಕೆರೆ, ಎಂಬ ಪದದ ನೆರಳು ಕಾಣುತ್ತದೆ. ಬಳಸಮುದ್ರದ ಸಮುದ್ರವೂ ಕೆರೆಯೇ. ನೀರಿಗಾಗಿ ಹಂಬಲಿಸಿದ ಸೀಮೆಯ ಊರುಗಳು ಕೆರೆಯ ಹೆಸರನ್ನೇ ಹೊತ್ತುಕೊಂಡಿವೆ. ಪ್ರಪಂಚದ ಪಕ್ಷಿವಿಜ್ಞಾನಿಗಳು ದೊಡ್ಡ ಸೌರಪಾರ್ಕುಗಳ ಬಗ್ಗೆ ಕೇಳುತ್ತಿರುವ ಮೊದಲ ಪ್ರಶ್ನೆಯೂ ಕೆರೆಯದೇ: ರಾತ್ರಿಯಿಡೀ ಹಾರಿ ದಣಿದ ವಲಸೆ ಹಕ್ಕಿಗೆ, ಬೆಳದಿಂಗಳಿನಲ್ಲೋ ನಸುಕಿನಲ್ಲೋ, ಕೆಳಗೆ ಮಿನುಗುವ ಈ ಫಲಕಗಳು ಕೆರೆಯಂತೆ ಕಾಣುತ್ತವೆಯೆ?

ಕೆರೆಯೆಂಬ ಭ್ರಮೆ

ಈ ಶಂಕೆಗೆ ‘ಕೆರೆ ಪರಿಣಾಮ’ ಎಂಬ ಹೆಸರು ಬಿದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ. ಅಲ್ಲಿನ ಮೂರು ಸೌರ ಘಟಕಗಳಲ್ಲಿ ಸಿಕ್ಕ ಸತ್ತ ಹಕ್ಕಿಗಳನ್ನು ಅಮೆರಿಕದ ಮೀನು ಮತ್ತು ವನ್ಯಜೀವಿ ವಿಧಿವಿಜ್ಞಾನ ಪ್ರಯೋಗಾಲಯ ಪರೀಕ್ಷಿಸಿ 2014ರಲ್ಲಿ ವರದಿ ನೀಡಿತು. 71 ಪ್ರಭೇದಗಳಿಗೆ ಸೇರಿದ 233 ಹಕ್ಕಿಗಳು ಆ ಪಟ್ಟಿಯಲ್ಲಿದ್ದವು. ಇವುಗಳಲ್ಲಿ ಒಂದು ಘಟಕ, ಇವಾನ್‌ಪಾ, ಕನ್ನಡಿಗಳಿಂದ ಬಿಸಿಲನ್ನು ಗೋಪುರದ ತುದಿಗೆ ಕೇಂದ್ರೀಕರಿಸುವಂಥದು. ಅಲ್ಲಿ ಹಕ್ಕಿಗಳ ಗರಿ ಸುಟ್ಟು ಕರಕಲಾಗಿತ್ತು. ಪಾವಗಡದಲ್ಲಿರುವುದು ಆ ತಂತ್ರಜ್ಞಾನವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ‘ಸೌರಶಕ್ತಿಯಿಂದ ಹಕ್ಕಿಗಳು ಸುಟ್ಟು ಸಾಯುತ್ತವೆ’ ಎಂಬ ಸುದ್ದಿ ಎರಡನ್ನೂ ಕಲಸಿ ಊರೂರು ಸುತ್ತಿದೆ. ಪಾವಗಡದ್ದು ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುವ ಫಲಕಗಳ ಪಾರ್ಕ್. ಇದಕ್ಕೆ ಹೋಲುವುದು ಅದೇ ವರದಿಯಲ್ಲಿದ್ದ ಡೆಸರ್ಟ್ ಸನ್‌ಲೈಟ್ ಘಟಕ. ಬೆಂಗಾಡಿನ ನಡುವಿನ ಆ ಘಟಕದಲ್ಲಿ ನೀರುಹಕ್ಕಿಗಳೂ ಸತ್ತು ಬಿದ್ದಿದ್ದವು. ನೀರಿಲ್ಲದಲ್ಲಿ ನೀರುಹಕ್ಕಿ ಏಕೆ ಬಂತು ಎಂಬ ಅಚ್ಚರಿಯಿಂದಲೇ ಕೆರೆಯ ಭ್ರಮೆಯ ಊಹೆ ಹುಟ್ಟಿತು.

ಗುಳುಮುಳುಕದ ಜಾತಿಯ ಹಕ್ಕಿಗಳಿಗೆ ಈ ಭ್ರಮೆ ಪ್ರಾಣಾಂತಿಕ. ಅವುಗಳ ಕಾಲುಗಳು ದೇಹದ ತೀರ ಹಿಂಭಾಗದಲ್ಲಿವೆ. ಈಜಲು ಮತ್ತು ಮುಳುಗಲು ಹೇಳಿಮಾಡಿಸಿದಂತಿರುವ ಈ ಅಂಗರಚನೆ ನೆಲದ ಮೇಲೆ ನಿಷ್ಪ್ರಯೋಜಕ. ಮೇಲೇರಲು ಅವು ನೀರಿನ ಮೇಲೆ ಒಂದಿಷ್ಟು ದೂರ ಓಡಲೇಬೇಕು. ತಪ್ಪಿ ಒಣನೆಲದಲ್ಲಿ ಇಳಿದರೆ, ಗಾಯವೇನೂ ಆಗದಿದ್ದರೂ, ಅಲ್ಲಿಂದ ಮತ್ತೆ ಹಾರಲಾರವು. ನಾಯಿಗೋ ನರಿಗೋ ಆಹಾರವಾಗುತ್ತವೆ.

ಹೀಗಿದ್ದರೂ ಕೆರೆ ಪರಿಣಾಮ ಇನ್ನೂ ಊಹೆಯ ಮಟ್ಟದಲ್ಲಿಯೇ ಇದೆ. ಅಮೆರಿಕದ ನೈಋತ್ಯ ಭಾಗದ ಹತ್ತು ಫಲಕ ಘಟಕಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ವರ್ಷಕ್ಕೆ ಪ್ರತಿ ಮೆಗಾವ್ಯಾಟಿಗೆ ಸರಾಸರಿ 2.49 ಹಕ್ಕಿಗಳ ಸಾವನ್ನು ಅಂದಾಜಿಸಿತು. ಸತ್ತವುಗಳಲ್ಲಿ ಹೆಚ್ಚಿನವು ದೂರದಿಂದ ಬಂದ ನೀರುಹಕ್ಕಿಗಳಲ್ಲ. ಆ ಬಯಲುಗಳಲ್ಲೇ ಸಾಮಾನ್ಯವಾಗಿ ಕಾಣುವ, ನೆಲದ ಮೇಲೆ ಮೇಯುವ ಪಾರಿವಾಳ, ನೆಲಗುಬ್ಬಿಗಳಂಥವು. ನೀರುಹಕ್ಕಿಗಳು ಕೆಲವು ಕಡೆ ಸಿಕ್ಕವು, ಎಲ್ಲ ಕಡೆ ಅಲ್ಲ. ಅನೇಕ ಸಂದರ್ಭಗಳಲ್ಲಿ ಉಳಿದಿದ್ದುದು ಬರಿಯ ಗರಿಗಳ ರಾಶಿ. ಹಕ್ಕಿ ಫಲಕಕ್ಕೆ ಬಡಿದು ಸತ್ತಿತೋ, ಗಿಡುಗವೊಂದು ಹಿಡಿದು ತಂದು ಅಲ್ಲಿ ತಿಂದಿತೋ ಹೇಳುವುದು ಕಷ್ಟ.

2.49ನ್ನು 2,050ರಿಂದ ಗುಣಿಸಿದರೆ ಐದು ಸಾವಿರ ದಾಟುತ್ತದೆ. ಈ ಗುಣಾಕಾರ ಎಷ್ಟು ಸುಲಭವೋ ಅಷ್ಟೇ ತಪ್ಪು. ಸೊನೋರಾ ಮರುಭೂಮಿಯ ಹಕ್ಕಿಗಳು, ಅಲ್ಲಿನ ಗಾಳಿ, ಅಲ್ಲಿನ ವಲಸೆಯ ಹಾದಿ ಬೇರೆ. ದಖನ್ ಪ್ರಸ್ಥಭೂಮಿಯದು ಬೇರೆ. ಅಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೂ ನೀರೇ ಇಲ್ಲದ ಹರವುಗಳಿವೆ. ಇಲ್ಲಿ ಬತ್ತಿದ್ದೋ ತುಂಬಿದ್ದೋ, ಊರಿಗೊಂದು ಕೆರೆಯಿದೆ.

ಕೀಟಗಳಿಗೆ ಬಿದ್ದ ಬಲೆ

ಭ್ರಮೆಯ ವಿಷಯದಲ್ಲಿ ಹಕ್ಕಿಗಿಂತ ಗಟ್ಟಿಯಾದ ಸಾಕ್ಷ್ಯ ಸಿಕ್ಕಿರುವುದು ಕೀಟಗಳಿಂದ. ನಯವಾದ ಕಪ್ಪು ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಅಡ್ಡಡ್ಡಲಾಗಿ ಧ್ರುವೀಕೃತವಾಗಿರುತ್ತದೆ. ನೀರಿನಲ್ಲಿ ಮೊಟ್ಟೆಯಿಡುವ ಕೀಟಗಳು ನೀರನ್ನು ಗುರುತಿಸುವುದು ಇದೇ ಬೆಳಕಿನಿಂದ. ಹಂಗೇರಿಯ ಗಾಬೋರ್ ಹೋರ್ವಾತ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ಜಲಕೀಟಗಳು ಸೌರಫಲಕಗಳನ್ನು ನೀರೆಂದೇ ನಂಬಿ ಅವುಗಳ ಮೇಲೆ ಮೊಟ್ಟೆಯಿಟ್ಟವು. ಆ ಮೊಟ್ಟೆಗಳು ಒಣಗಿ ಹೋಗುವುದು ನಿಶ್ಚಿತ. ಆದರೆ ಫಲಕದ ಕರಿಯ ಹರವನ್ನು ಬಿಳಿ ಗೆರೆಗಳಿಂದ ಚೌಕುಳಿಗಳಾಗಿ ಒಡೆದಾಗ ಕೀಟಗಳ ಆಕರ್ಷಣೆ ಗಮನಾರ್ಹವಾಗಿ ಇಳಿಯಿತು. ಖರ್ಚೇನೂ ಹೆಚ್ಚಿಲ್ಲದ ಉಪಾಯವಿದು. ಕೀಟವಿದ್ದಲ್ಲಿಗೆ ಕವಲುತೋಕೆ, ಸಿಪಿಲೆಗಳು ಬರುತ್ತವೆ. ಅವುಗಳನ್ನು ಹಿಡಿಯಲು ಗಿಡುಗಗಳು ಬರುತ್ತವೆ. ಆಹಾರ ಸರಪಳಿಯ ಕೆಳತುದಿಯಲ್ಲಿ ಆದ ಮೋಸ ಮೇಲಕ್ಕೂ ಏರಬಲ್ಲದು.

ಯಾರು ಬರುತ್ತಾರೆ, ಎಲ್ಲಿಂದ?

ಸೈಬೀರಿಯಾ ಮತ್ತು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಭಾರತದತ್ತ ಇಳಿಯುವ ಹಕ್ಕಿಗಳ ಹೆದ್ದಾರಿಗೆ ಮಧ್ಯ ಏಷ್ಯಾ ವಲಸೆ ಪಥವೆಂದು ಹೆಸರು. 30 ರಾಷ್ಟ್ರಗಳನ್ನು ಹಾಯುವ ಈ ಪಥದ ನಟ್ಟನಡುವೆ ಭಾರತವಿದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬರುವ ಅತಿಥಿಗಳು ಮಾರ್ಚ್, ಏಪ್ರಿಲ್ ಹೊತ್ತಿಗೆ ಮರಳುತ್ತಾರೆ. ಗುಲಾಬಿ ಮೈಯ ಕಬ್ಬಕ್ಕಿಗಳಿಗಂತೂ ಅಷ್ಟು ತಾಳ್ಮೆಯಿಲ್ಲ; ಜುಲೈ, ಆಗಸ್ಟ್ ಹೊತ್ತಿಗೇ ಭಾರತದಲ್ಲಿ ಕಾಣಿಸಿಕೊಳ್ಳತೊಡಗುತ್ತವೆ.

ರಾಜ್ಯದ ವಲಸೆ ಹಕ್ಕಿಗಳೆಂದರೆ ನಗರದ ಓದುಗರಿಗೆ ಮೊದಲು ನೆನಪಾಗುವುದು ಪಟ್ಟೆತಲೆಯ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆ, ಮೈಸೂರು ಸೀಮೆಯ ಹದಿನಾರು ಕೆರೆಗಳಲ್ಲಿ ಚಳಿಗಾಲ ಕಳೆಯುವ ಈ ಹಕ್ಕಿ ಹಿಮಾಲಯದ ಮೇಲೆ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹ ಸಾಧನಗಳು ದಾಖಲಿಸಿವೆ. ಮಂಗೋಲಿಯಾದ ವಿಜ್ಞಾನಿಗಳು ಕೊರಳಿಗೆ ಗುರುತುಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಛಾಯಾಗ್ರಾಹಕರ ಕಣ್ಣಿಗೆ ಬಿದ್ದಿವೆ. ಮಾಗಡಿ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ, ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ರಂಗನತಿಟ್ಟು ಎರಡು ವರ್ಷ ಮೊದಲೇ, 2022ರಲ್ಲಿ, ಆ ಗೌರವ ಪಡೆದಿತ್ತು.

ಪಾವಗಡ, ಮಧುಗಿರಿ, ಸಿರಾ ಸೀಮೆಯ ಅತಿಥಿಗಳು ಇಷ್ಟು ಪ್ರಸಿದ್ಧರಲ್ಲ. ಕೆರೆಯಲ್ಲಿ ನೀರಿದ್ದ ವರ್ಷ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳು ಬಂದಾವು. ಕೆರೆಯಂಚಿನ ಕೆಸರಿನಲ್ಲಿ ಗೊರವಗಳು, ಹಳದಿ ಸಿಪಿಲೆಗಳು. ಆದರೆ ಈ ಸೀಮೆಯ ನಿಜವಾದ ವಲಸೆಗಾರರು ನೀರಿಗಾಗಿ ಬರುವವರಲ್ಲ, ಒಣ ಬಯಲಿಗಾಗಿಯೇ ಬರುವವರು. ಅವರಲ್ಲಿ ಮುಖ್ಯವಾದದ್ದು ಸೆಳೆವ.

ಬಯಲನ್ನೇ ನಂಬಿದ ಸೆಳೆವ

ಉದ್ದ ರೆಕ್ಕೆ, ಉದ್ದ ಬಾಲ, ತೆಳು ಮೈ. ಹೊಲದ ಮೇಲೆ ಆಳೆತ್ತರದಲ್ಲಿ, ಗಾಳಿಗೆ ಮೈಯೊಪ್ಪಿಸಿ, ನೆಲವನ್ನು ಸವರಿದಂತೆ ಹಾರುವ ಹದ್ದಿನ ಬಳಗದ ಹಕ್ಕಿಯನ್ನು ಚಳಿಗಾಲದಲ್ಲಿ ಬಯಲುಸೀಮೆಯ ರಸ್ತೆಗಳಲ್ಲಿ ಓಡಾಡುವವರು ಕಂಡಿರುತ್ತಾರೆ, ಹೆಸರು ತಿಳಿದಿರುವುದಿಲ್ಲ. ಇದೇ ಸೆಳೆವ. ಮಾಂಟಗು ಸೆಳೆವ ಮತ್ತು ಬಿಳಿ ಸೆಳೆವಗಳು ಕಜಕಸ್ತಾನ, ದಕ್ಷಿಣ ರಷ್ಯಾ ಕಡೆಯ ಹುಲ್ಲುಗಾಡುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಭಾರತಕ್ಕೂ ಆಫ್ರಿಕಾಕ್ಕೂ ಇಳಿಯುತ್ತವೆ. ಮಿಡತೆ, ಸಣ್ಣ ಹಕ್ಕಿ, ಇಲಿ, ಓತಿಕೇತಗಳು ಆಹಾರ. ಶೇಂಗಾ, ಹುರುಳಿ ಬೆಳೆಯುವ ಹೊಲಗಳೂ ಪಾಳು ಬಿದ್ದ ಬೀಳುಗಳೂ ಅದಕ್ಕೆ ಒಂದೇ.

ಮರದ ಮೇಲೆ ಕೂತು ರಾತ್ರಿ ಕಳೆಯುವ ಅಭ್ಯಾಸ ಈ ಹಕ್ಕಿಗಿಲ್ಲ. ಸಂಜೆಯಾಗುತ್ತಲೇ ಸುತ್ತಲಿನ ಸೆಳೆವಗಳೆಲ್ಲ ಒಂದು ಹುಲ್ಲುಗಾವಲಿಗೆ ಬಂದು ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ಗುಜರಾತಿನ ವೇಳಾವದರ ಇಂಥ ತಂಗುದಾಣಗಳಲ್ಲೆಲ್ಲ ಜಗದ್ವಿಖ್ಯಾತ. ಎಣಿಸುವವರಿಗೆ ಇದೊಂದು ಅನುಕೂಲ. ಹಗಲಿನಲ್ಲಿ ನೂರಾರು ಚದರ ಕಿಲೋಮೀಟರಿನಲ್ಲಿ ಚದುರಿದ ಹಕ್ಕಿಗಳನ್ನು ಸಂಜೆ ಒಂದೇ ಕಡೆ ನಿಂತು ಲೆಕ್ಕ ಹಾಕಬಹುದು. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ಅವರು ದೇಶದ ನಾನಾ ತಂಗುದಾಣಗಳ ಮೂವತ್ತು ವರ್ಷಗಳ ಎಣಿಕೆಗಳನ್ನು ಕಲೆಹಾಕಿ 2018ರಲ್ಲಿ ಪ್ರಕಟಿಸಿದ ಪ್ರಬಂಧ ಕಂಡುಕೊಂಡದ್ದು ಕಳವಳದ ಸಂಗತಿಯನ್ನೇ: ಭಾರತದಲ್ಲಿ ಚಳಿಗಾಲ ಕಳೆಯುವ ಸೆಳೆವಗಳ ಸಂಖ್ಯೆ ಇಳಿಮುಖವಾಗಿದೆ.

ಒಂದೇ ಜಾತಿಯ ದುಃಖವಲ್ಲ ಇದು. ಸುಮಾರು 30,000 ಪಕ್ಷಿವೀಕ್ಷಕರ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳ ಸ್ಥಿತಿಗತಿ ಅಳೆದ 2023ರ ‘ಭಾರತದ ಪಕ್ಷಿಗಳ ಸ್ಥಿತಿ’ ವರದಿಯ ಪ್ರಕಾರ, ದೀರ್ಘಾವಧಿಯ ಪ್ರವೃತ್ತಿಯನ್ನು ನಿರ್ಧರಿಸಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ. 60ರಷ್ಟು ಕ್ಷೀಣಿಸಿವೆ. ಹುಲ್ಲುಗಾವಲು, ಕುರುಚಲು ಮತ್ತಿತರ ತೆರೆದ ನೆಲೆಗಳನ್ನೇ ನಂಬಿದ ಹಕ್ಕಿಗಳಿಗೂ ದೂರದಿಂದ ಬರುವ ವಲಸೆ ಹಕ್ಕಿಗಳಿಗೂ ಪೆಟ್ಟು ಹೆಚ್ಚು. ಸೆಳೆವ ಈ ಎರಡೂ ಪಟ್ಟಿಗಳಲ್ಲಿ ನಿಲ್ಲುವ ಹಕ್ಕಿ.

ಬಯಲಿನ ಹಕ್ಕಿಗೆ ಸೌರಪಾರ್ಕಿನಿಂದ ಆಗುವ ನಷ್ಟ ಡಿಕ್ಕಿಯ ಸಾವಿಗಿಂತ ಹೆಚ್ಚಾಗಿ ಜಾಗದ ನಷ್ಟ. ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದ 96 ಮೆಗಾವ್ಯಾಟಿನ ಘಟಕವೊಂದರಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಘಟಕದ ಒಳಗೆ 38 ಪ್ರಭೇದಗಳು, ಹೆಕ್ಟೇರಿಗೆ 1.80 ಹಕ್ಕಿಗಳು; ಹೊರಗಿನ ಬಯಲಿನಲ್ಲಿ 50 ಪ್ರಭೇದಗಳು, ಹೆಕ್ಟೇರಿಗೆ 2.63 ಹಕ್ಕಿಗಳು. ಒಳಗೆ ಹಕ್ಕಿಗಳೇ ಇಲ್ಲವೆಂದಲ್ಲ. ಫಲಕದ ನೆರಳು, ಕಂಬ, ತಂತಿಗಳು ಕೆಲವಕ್ಕೆ ಅನುಕೂಲವೂ ಆದಾವು. ಆದರೆ ಸಾಲುಸಾಲು ಗಾಜಿನ ನಡುವೆ ನೆಲ ಸವರಿ ಹಾರುವ ಬೇಟೆಗಾರನಿಗೆ ಎಡೆಯೆಲ್ಲಿ?

ಬಂಜರು ಎಂಬ ಬಿರುದು

ಪಾವಗಡದ ಪಾರ್ಕಿನ ಕಥೆಯನ್ನು ಬರಿಯ ಹಕ್ಕಿಯ ಕಣ್ಣಿನಿಂದ ನೋಡಿದರೆ ಅನ್ಯಾಯವಾದೀತು. ಮಳೆ ಕೈಕೊಟ್ಟ, ಕೊಳವೆಬಾವಿ ಬತ್ತಿದ, ನೀರಿನಲ್ಲಿ ಫ್ಲೋರೈಡ್ ತುಂಬಿದ ಸೀಮೆಯಿದು. ಇಲ್ಲಿ ರೈತರ ಭೂಮಿಯನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ ಎಂಬುದು ಒಪ್ಪಂದ. ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ 2015ರಲ್ಲಿ ರಚನೆಯಾಗಿ, ಪಾರ್ಕಿನ ಮೊದಲ ಹಂತವನ್ನು 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯ ಬಂತು. ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಭೂಮಾಲೀಕನಿಗೆ ಇದು ವರ್ಷವೂ ಬರುವ ಆದಾಯ. ಕಲ್ಲಿದ್ದಲು ಸುಡದ ವಿದ್ಯುತ್ತಿನಿಂದ ಹವಾಮಾನಕ್ಕೆ, ಆ ಮೂಲಕ ವಲಸೆ ಹಕ್ಕಿಗಳಿಗೂ ಒಳಿತಿದೆ ಎಂಬುದನ್ನು ಪಕ್ಷಿಪ್ರೇಮಿಗಳೂ ಅಲ್ಲಗಳೆಯುವುದಿಲ್ಲ.

ಲಾಭ ಮುಟ್ಟದವರೂ ಇದ್ದಾರೆ. ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವಿಲ್ಲ. ಕುರಿಗಾಹಿಗಳಿಗೆ ಬೇಲಿಯೊಳಗಿನ ಹುಲ್ಲಿಲ್ಲ. ಗಮನಿಸಿದರೆ, ಕುರಿಗಾಹಿಯೂ ಸೆಳೆವವೂ ಕಳೆದುಕೊಂಡದ್ದು ಒಂದೇ ನೆಲವನ್ನು. ಎರಡು ಬೆಳೆಗಳ ನಡುವಿನ ಬೀಳು, ಗೋಮಾಳ, ಕುರುಚಲು. ಸರ್ಕಾರಿ ದಾಖಲೆಗಳ ಭಾಷೆಯಲ್ಲಿ ಇವುಗಳ ಬಹುಭಾಗಕ್ಕೆ ‘ಬಂಜರು’ ಎಂಬ ಬಿರುದಿದೆ. ಬಂಜರಾದ್ದರಿಂದ ಅಲ್ಲಿ ಏನನ್ನಾದರೂ ಕಟ್ಟಬಹುದು, ಏನನ್ನಾದರೂ ನೆಡಬಹುದು ಎಂಬ ತರ್ಕ ಬಹು ಹಳೆಯದು. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ 2022ರಲ್ಲಿ ದೇಶದ ಅರೆಶುಷ್ಕ ತೆರೆದ ನೈಸರ್ಗಿಕ ನೆಲೆಗಳ ನಕ್ಷೆ ತಯಾರಿಸಿದಾಗ ಅವುಗಳ ವಿಸ್ತಾರ ಸುಮಾರು ಮೂರು ಲಕ್ಷ ಚದರ ಕಿಲೋಮೀಟರ್, ಅಂದರೆ ದೇಶದ ನೆಲದ ಹತ್ತನೆಯ ಒಂದು ಪಾಲು ಎಂದು ಕಂಡುಬಂತು. ಸಂರಕ್ಷಿತ ಪ್ರದೇಶಗಳೊಳಗೆ ಇರುವುದು ಅದರ ಶೇ. 5ಕ್ಕೂ ಕಡಿಮೆ.

ಕಾಡು ಕಡಿದರೆ ಗದ್ದಲವೇಳುತ್ತದೆ. ಬಯಲು ಮುಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ಬೆಂಗಳೂರಿನ ಮಗ್ಗುಲಿನ ಹೆಸರಘಟ್ಟದ ಹುಲ್ಲುಗಾವಲಿನ ಬಗ್ಗೆ ಅಷ್ಟೊಂದು ಹೋರಾಟ ನಡೆದದ್ದು ಅದು ರಾಜಧಾನಿಯ ಛಾಯಾಗ್ರಾಹಕರ ಕೈಗೆಟುಕುವ ದೂರದಲ್ಲಿದ್ದುದರಿಂದ ಎನ್ನದೆ ವಿಧಿಯಿಲ್ಲ. ಅಪರೂಪದ ಕಿರಿಯ ಎರಳೆಹಕ್ಕಿ, ಲೆಸ್ಸರ್ ಫ್ಲೋರಿಕನ್, 2011ರಲ್ಲಿ ಅಲ್ಲಿ ಕಾಣಿಸಿಕೊಂಡಿತ್ತು. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ದೊರೆತದ್ದು 2024ರಲ್ಲಿ. ನಾಗಲಮಡಿಕೆಯ ಬಯಲಿಗೆ ಅಂಥ ವಕೀಲರಿರಲಿಲ್ಲ.

ಒಂದು ರೋಗ ಕಲಿಸಿದ ಪಾಠ

ವಲಸೆ ಹಕ್ಕಿಗಳ ವೈಜ್ಞಾನಿಕ ಅಧ್ಯಯನ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾಗಲು ಕರ್ನಾಟಕದ ಕಾಡೊಂದು ಕಾರಣವಾಯಿತೆಂಬುದು ಅನೇಕರಿಗೆ ತಿಳಿಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಹರಡಿತು. ಪತ್ತೆಯಾದ ವೈರಾಣು ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಹತ್ತಿರದ್ದಾಗಿತ್ತು. ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಮೇಲಿನ ಉಣ್ಣೆಯೊಡನೆ ರೋಗವನ್ನೂ ತಂದವೆ ಎಂಬ ಶಂಕೆ ಮೂಡಿತು. ಹಕ್ಕಿಗಳನ್ನು ಹಿಡಿದು, ಉಣ್ಣೆ ತೆಗೆದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ನೆರವು ನೀಡಿತು. ಸಲೀಂ ಅಲಿ ಅದರ ಮುಂದಾಳು. ಹಕ್ಕಿಗಳ ಮೇಲಿನ ಆ ಆರೋಪ ರುಜುವಾತಾಗಲಿಲ್ಲ. ಆದರೆ ಆ ನೆಪದಲ್ಲಿ ಆರಂಭವಾದ ಉಂಗುರದ ಕೆಲಸ ದಶಕಗಳ ಕಾಲ ಮುಂದುವರಿದು, ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆಯ ಮೊದಲ ಗೆರೆಗಳನ್ನು ಎಳೆಯಿತು.

ಮುಂದೆ ಉಪಗ್ರಹ ಸಾಧನಗಳು ಬಂದವು. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ 2012ರಲ್ಲಿ ಅಮೂರ್ ಚಾಣಗಳ ಮಾರಣಹೋಮ ಬೆಳಕಿಗೆ ಬಂದು, ಮರುವರ್ಷವೇ ಊರವರು ಬೇಟೆ ನಿಲ್ಲಿಸಿದರು. ಆಗ ಮೂರು ಚಾಣಗಳಿಗೆ ಸಾಧನ ಕಟ್ಟಿ ಬಿಡಲಾಯಿತು. ಅವು ಭಾರತದ ಪರ್ಯಾಯದ್ವೀಪವನ್ನು ಹಾದು, ಅರಬ್ಬೀ ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟಿ ಆಫ್ರಿಕಾ ಸೇರಿದ್ದನ್ನು ಇಡೀ ದೇಶ ಕುತೂಹಲದಿಂದ ನೋಡಿತು. ಸಾಧನವಿಲ್ಲದ ಸಾಮಾನ್ಯರಿಗೂ ಪಾಲು ಸಿಕ್ಕಿದ್ದು 2007ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ‘ಮೈಗ್ರೆಂಟ್‌ವಾಚ್’ ಆರಂಭವಾದಾಗ. ನಿಮ್ಮೂರಿಗೆ ಈ ಹಕ್ಕಿ ಈ ವರ್ಷ ಮೊದಲು ಬಂದದ್ದು ಯಾವತ್ತು ಎಂಬ ಸರಳ ಪ್ರಶ್ನೆಗೆ ಮೇಷ್ಟರು, ಗೃಹಿಣಿ, ವಿದ್ಯಾರ್ಥಿಗಳು ಉತ್ತರ ಕಳಿಸಿದರು. ಇಂದಿನ ದೇಶವ್ಯಾಪಿ ದಾಖಲೆಗಳ ಬೇರು ಇಂಥ ಯತ್ನಗಳಲ್ಲಿದೆ.

ಸತ್ತ ಹಕ್ಕಿಯ ಲೆಕ್ಕ

ಸೌರಪಾರ್ಕಿನಲ್ಲಿ ಹಕ್ಕಿಗಳಿಗೆ ಏನಾಗುತ್ತಿದೆ ಎಂದು ತಿಳಿಯುವ ಕ್ರಮವೇನೂ ಗುಟ್ಟಲ್ಲ. ಫಲಕಗಳ ಸಾಲುಗಳಲ್ಲಿ ಕೆಲವನ್ನು ಆರಿಸಿಕೊಂಡು, ವರ್ಷದ ಎಲ್ಲ ಋತುಗಳಲ್ಲಿ, ನಿಗದಿತ ದಿನಗಳಿಗೊಮ್ಮೆ ನಡೆದು ಹುಡುಕಬೇಕು. ಆದರೆ ಸಿಕ್ಕಿದ್ದಷ್ಟೇ ಲೆಕ್ಕವಲ್ಲ. ಹುಡುಕುವವನ ಕಣ್ಣಿಗೆ ಕೆಲವು ತಪ್ಪುತ್ತವೆ. ಬೀದಿನಾಯಿ, ನರಿ, ಕಾಗೆಗಳು ಕೆಲವನ್ನು ಮೊದಲೇ ಒಯ್ದಿರುತ್ತವೆ. ಆದ್ದರಿಂದ ಸಂಶೋಧಕರು ಗುರುತು ಮಾಡಿದ ಸತ್ತ ಕೋಳಿಮರಿ ಮುಂತಾದವನ್ನು ತಾವೇ ಇಟ್ಟು, ಎಷ್ಟು ಸಿಗುತ್ತವೆ, ಎಷ್ಟು ದಿನ ಉಳಿಯುತ್ತವೆ ಎಂದು ಪರೀಕ್ಷಿಸುತ್ತಾರೆ. ಉದಾಹರಣೆಗೆ, ಇಟ್ಟವುಗಳಲ್ಲಿ ಅರ್ಧ ಮಾತ್ರ ಮುಂದಿನ ಹುಡುಕಾಟದವರೆಗೆ ಉಳಿಯುತ್ತವೆ, ಉಳಿದವುಗಳಲ್ಲೂ ಅರ್ಧ ಮಾತ್ರ ಕಣ್ಣಿಗೆ ಬೀಳುತ್ತವೆ ಎಂದಾದರೆ, ಸಿಕ್ಕಿದ ಹತ್ತು ಹಕ್ಕಿಗಳ ಹಿಂದೆ ಸತ್ತ ನಲವತ್ತು ಹಕ್ಕಿಗಳಿವೆ ಎಂದು ತಿಳಿಯಬೇಕು. ಇದಲ್ಲದೆ ಪಾರ್ಕಿನ ಹೊರಗೂ ಅಷ್ಟೇ ಜಾಗದಲ್ಲಿ ಹುಡುಕಬೇಕು. ಎಲ್ಲ ಬಯಲಿನಲ್ಲೂ ಹಕ್ಕಿಗಳು ಸಹಜವಾಗಿ ಸಾಯುತ್ತಲೇ ಇರುತ್ತವೆ.

ಇದಕ್ಕಿಂತ ಮುಖ್ಯವಾದದ್ದು, ಪಾರ್ಕ್ ಬರುವ ಮೊದಲಿನ ಎಣಿಕೆ. ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಹೋಯಿತು ಎಂದು ಹೇಳುವುದು ಹೇಗೆ? ಕಾನೂನು ಇಲ್ಲಿ ಮೌನವಾಗಿದೆ. ಪರಿಸರ ಪರಿಣಾಮ ಅಧ್ಯಯನವನ್ನು ಕಡ್ಡಾಯಗೊಳಿಸುವ 2006ರ ಅಧಿಸೂಚನೆಯ ವ್ಯಾಪ್ತಿಗೆ ಸೌರಫಲಕಗಳ ಯೋಜನೆಗಳು ಬರುವುದಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯ ಸ್ಪಷ್ಟಪಡಿಸಿದೆ. ಮಾಲಿನ್ಯವಿಲ್ಲದ ಉದ್ಯಮಕ್ಕೆ ಪ್ರೋತ್ಸಾಹ ಎಂಬ ಉದ್ದೇಶ ಸರಿಯೇ. ಆದರೆ ಒಂದು ಎಕರೆಯ ಘಟಕಕ್ಕೂ ಹದಿಮೂರು ಸಾವಿರ ಎಕರೆಯ ಪಾರ್ಕಿಗೂ ಒಂದೇ ಅಳತೆಗೋಲು ಎಂಬುದು ಒಪ್ಪತಕ್ಕ ಮಾತಲ್ಲ. ಪಾವಗಡದ ಪಾರ್ಕನ್ನು ಇನ್ನಷ್ಟು ವಿಸ್ತರಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಪ್ರಕಟಿಸಿರುವುದರಿಂದ ಈ ಮಾತಿಗೆ ಈಗ ಬೆಲೆ ಬಂದಿದೆ. ಹೊಸದಾಗಿ ಬೇಲಿ ಹಾಕಬೇಕಾದ ಜಾಗದಲ್ಲಿ ಒಂದೆರಡು ಚಳಿಗಾಲದ ಎಣಿಕೆಗೆ ಇನ್ನೂ ಅವಕಾಶವುಂಟು.

ಫಲಕಗಳಿಗಿಂತ ಹೆಚ್ಚು ಖಚಿತವಾದ ಅಪಾಯ ಅಲ್ಲಿಂದ ಹೊರಡುವ ವಿದ್ಯುತ್ ತಂತಿಗಳದು. ರಾಜಸ್ತಾನ, ಗುಜರಾತಿನ ಬಯಲುಗಳಲ್ಲಿ ಹೆಬ್ಬಕಗಳು ತಂತಿಗೆ ಬಡಿದು ಸಾಯುತ್ತಿದ್ದುದರಿಂದಲೇ ಸುಪ್ರೀಂ ಕೋರ್ಟ್ 2021ರಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸಲು ಆದೇಶಿಸಿತು. 2024ರಲ್ಲಿ, ಸೌರಶಕ್ತಿಯ ಅಗತ್ಯವನ್ನೂ ತೂಗಿ, ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹೆಬ್ಬಕನ ಕೊನೆಯ ಬೆರಳೆಣಿಕೆಯ ನೆಲೆಗಳಲ್ಲಿ ಕರ್ನಾಟಕದ ಸಿರುಗುಪ್ಪವೂ ಒಂದು. ತಂತಿಯ ಮೇಲೆ ಹಕ್ಕಿಗೆ ಕಾಣುವಂಥ ತಿರುಗುಬಿಲ್ಲೆಗಳನ್ನು ತೂಗುಹಾಕುವುದು, ಕಂಬದ ತುದಿಗೆ ವಿದ್ಯುನ್ನಿರೋಧಕ ಹೊದಿಸುವುದು, ಕೆರೆಗಳ ನಡುವಣ ಹಕ್ಕಿಗಳ ದಿನನಿತ್ಯದ ಹಾದಿಗೆ ಅಡ್ಡವಾಗಿ ಮಾರ್ಗ ಎಳೆಯದಿರುವುದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಪರಿಹಾರಗಳು. ಎಲ್ಲಿ ಕಟ್ಟಬಾರದು ಎಂದು ಮೊದಲೇ ತಿಳಿಸುವ ‘ಅವಿಸ್ಟೆಪ್’ ಎಂಬ ನಕ್ಷಾಸಾಧನವನ್ನು ಬರ್ಡ್‌ಲೈಫ್ ಸಂಸ್ಥೆ 2022ರಲ್ಲಿ ಭಾರತಕ್ಕೂ ಒದಗಿಸಿತು.

ನೆರೆಯ ಎರಡು ಊರು

ಪಾವಗಡಕ್ಕೆ ಹತ್ತಿರದ ತಾಲ್ಲೂಕುಗಳಲ್ಲಿಯೇ ಇದಕ್ಕೆ ಎದುರಿಟ್ಟು ನೋಡಬಹುದಾದ ಎರಡು ನಿದರ್ಶನಗಳಿವೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ರಕ್ಷಣೆ ಸಿಕ್ಕಿದ್ದು ಕೃಷ್ಣಮೃಗದ ಹೆಸರಿನಲ್ಲಿ. ಫಲ ಉಂಡವರಲ್ಲಿ ಬಯಲಿನ ಹಕ್ಕಿಗಳೂ ಸೇರಿವೆ. ಹುಲ್ಲಿನ ನಡುವೆ ನೀಲಗಿರಿಯ ನೆಡುತೋಪು ಅಲ್ಲಿಯೂ ಇದೆ, ಬಯಲನ್ನು ಬಯಲಾಗಿಯೇ ಬಿಡಲು ನಮ್ಮ ಇಲಾಖೆಗಳಿಗೆ ಎಷ್ಟು ಕಷ್ಟವೆಂಬುದಕ್ಕೆ ಸಾಕ್ಷಿಯಾಗಿ. ಹಾಗಿದ್ದೂ 798 ಎಕರೆ ಉಳಿದಿದೆ. ನಾಗಲಮಡಿಕೆಯ ಪಾರ್ಕ್ ಅದರ ಹದಿನಾರು ಪಟ್ಟು.

ಸಿರಾದಿಂದ ಚಂಗಾವರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕಗ್ಗಲಡು ಇನ್ನೊಂದು ಬಗೆಯದು. ಊರೊಳಗಿನ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಬೂದು ಬಕಗಳು ವರ್ಷದ ಮೊದಲ ತಿಂಗಳುಗಳಲ್ಲಿ ಬಂದಿಳಿದು, ಗೂಡು ಕಟ್ಟಿ, ಮರಿ ಹಾರಿದ ಮೇಲೆ ಮಳೆಗಾಲದ ನಡುವೆ ಹೊರಟುಹೋಗುತ್ತವೆ. ಇವು ಸೈಬೀರಿಯಾದವಲ್ಲ, ನಾಡಿನೊಳಗೇ ನೀರು ಹುಡುಕಿ ಅಲೆಯುವ ಹಕ್ಕಿಗಳು. ಹೊರಜಗತ್ತಿಗೆ ಈ ಊರಿನ ಸುದ್ದಿ ತಲುಪಿದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಸದಸ್ಯರು ಅಲ್ಲಿಗೆ ಹೋದಾಗ. ಅಷ್ಟರಲ್ಲಿ ಊರವರು ಹಕ್ಕಿಗಳನ್ನು ತಮ್ಮವೆಂದು ಒಪ್ಪಿಕೊಂಡಾಗಿತ್ತು. ಗೂಡುಗಳಿರುವ ಮರದಲ್ಲಿ ಹುಣಿಸೆಹಣ್ಣು ಬಡಿಯುವಂತಿಲ್ಲ. ಹುಣಿಸೆ ಈ ಸೀಮೆಯಲ್ಲಿ ನಗದು ತರುವ ಬೆಳೆ ಎಂಬುದನ್ನು ನೆನೆದರೆ ಇದು ಸಣ್ಣ ತ್ಯಾಗವಲ್ಲ. ಹಿಕ್ಕೆಯ ವಾಸನೆ, ಮರಿಗಳ ಗದ್ದಲ ಬೇರೆ.

ಈ ಕೊಕ್ಕರೆಗಳು ಮರಿಗಳಿಗೆ ಮೀನು ತರಲು ದಿನವೂ ಸುತ್ತಲಿನ ಕೆರೆಗಳಿಗೆ ಹಾರಬೇಕು. ಹೇಮಾವತಿಯ ನೀರು ಕಳ್ಳಂಬೆಳ್ಳ, ಸಿರಾ ಕೆರೆಗಳಿಗೆ ಹರಿದ ವರ್ಷ ಹೆಚ್ಚು ದೂರ ಹೋಗಬೇಕಿಲ್ಲ. ಕೆರೆಗಳು ಬತ್ತಿದ ವರ್ಷ ಹಾರಾಟದ ದಾರಿ ಉದ್ದವಾಗುತ್ತದೆ, ಗೂಡುಗಳ ಸಂಖ್ಯೆ ಇಳಿಯುತ್ತದೆ. ಆಗ ಆಕಾಶದಿಂದ ನೋಡುವ ಹಕ್ಕಿಗೆ, ಒಣಗಿದ ಕೆರೆಯಂಗಳಗಳ ಆಚೆ, ಹಗಲೆಲ್ಲ ಥಳಥಳಿಸುವ ಹರವು ಒಂದೇ. ಅದು ಕ್ಯಾತಗಾನಚೆರ್ಲುವಿನದು.

ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಭಾರತ ಉಪಖಂಡದಲ್ಲಿ ಅದು ಆರಂಭವಾದದ್ದು 1987ರಲ್ಲಿ. ಬೈನಾಕ್ಯುಲರ್, ನೋಟ್‌ಬುಕ್ ಹಿಡಿದು ಕೆರೆಯ ದಂಡೆಯಲ್ಲಿ ಬೆಳಗ್ಗೆ ಎರಡು ಗಂಟೆ ನಿಲ್ಲುವ ಯಾರಾದರೂ ಅದರಲ್ಲಿ ಭಾಗವಹಿಸಬಹುದು. ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿಯ ದಂಡೆಯಿದೆ, ಹೋಬಳಿಯ ಹಳ್ಳಿಗಳ ಕೆರೆಗಳಿವೆ, ಕೆರೆಯಂತೆ ಹೊಳೆಯುವ ಗಾಜಿನ ಬಯಲೂ ಇದೆ. ಮೊದಲೆರಡರಲ್ಲಿ ಕಂಡ ಹಕ್ಕಿಗಳನ್ನು ಮೂರನೆಯದರ ಬೇಲಿಯಂಚಿನಲ್ಲಿ ಕಂಡವುಗಳೊಡನೆ ಹೋಲಿಸಲು ಒಂದು ಜನವರಿ ಸಾಲದು. ನಾಲ್ಕೈದು ಚಳಿಗಾಲ ಬೇಕು. ಆ ಕೆಲಸಕ್ಕೆ ಪಾರ್ಕಿನ ಆಡಳಿತ ಗೇಟು ತೆರೆದು, ಫಲಕ ತೊಳೆಯುವ ಕೆಲಸಗಾರರಿಗೆ ಕಂಡ ಸತ್ತ ಹಕ್ಕಿಯ ಫೋಟೊ ತೆಗೆದು ಜಾಗ, ತಾರೀಖು ಬರೆದಿಡಲು ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಸಾಲುಸಾಲಾಗಿ ದಿನವೂ ಅಲ್ಲಿ ನಡೆಯುವವರು ಅವರೇ.